ಆನೆಯ ಗೇಮಿಗೆ ನಿಮ್ಮ ಕ್ಲಾರಿಯೊನೆಟ್

ಪ್ರೀತಿಯ ಚಾಚಾ,

ನಿಮ್ಮ ಬ್ಯಾಂಡಿನಲ್ಲಿ ಆರು ವರ್ಷ ಸೈಡ್ ಡ್ರಮ್ ಬಾರಿಸಿ, ಆ ಆರು ವರ್ಷವೂ ಬೈಸಿಕೊಂಡ ಮಂಜ ಬರೆಯುತ್ತಿದ್ದೇನೆ. ಈಗ ಹುಣಸೂರಿನಲ್ಲೇ ಟಿವಿ ರಿಪೇರಿ ಮಾಡಿಕೊಂಡಿದ್ದೇನೆ. ಬಿಡುವಿನಲ್ಲಿ ಮಾಡುವ ಕೆಲಸ ಕೇಳಿದರೆ ನೀವು ನಗುತ್ತೀರಿ. ಕ್ಯಾಸೆಟ್ ತುರುಕಿ ಆಡುತ್ತಿದ್ದ ಹಳೇ ಟಿವಿ ಗೇಮ್ ಇತ್ತಲ್ಲ, ಆ ಡಬ್ಬಕ್ಕೆ ನಾನೇ ಹೊಸದೊಂದು ಗೇಮ್ ಬರೆದಿದ್ದೇನೆ. ಕಾಕನಕೋಟೆಯಿಂದ ಹೊರಬಂದ ಆನೆಯೊಂದು ಹೊಗೆಸೊಪ್ಪಿನ ಹೊಲ, ಬೇಲಿ, ಬಸ್ಸು ಎಲ್ಲ ದಾಟಿ ಮರಳಿ ಕಾಡು ಸೇರಬೇಕು. ಆನೆ ನಡೆಯಿತು, ಹಾರಿತು. ಆದರೆ ಗೇಮ್ ಮಾತ್ರ ಮೂಕ. ಅದಕ್ಕೆ ಸಂಗೀತ ಬೇಕಿತ್ತು, ನನಗೆ ನಿಮ್ಮ ಟ್ಯೂನೇ ಬೇಕಿತ್ತು.

ಯಾವುದು ಅಂತ ಕೇಳಬೇಡಿ. ಮದುವೆ ಮುಗಿದು ಹೆಣ್ಣು ಗಂಡನ ಮನೆಗೆ ಹೊರಡುವಾಗ ಊದುತ್ತಿದ್ದಿರಲ್ಲ, ನೀವೇ ಕಟ್ಟಿದ್ದು, ಅದು. ಯಾರೂ ರೆಕಾರ್ಡ್ ಮಾಡಿಲ್ಲ. ಕೆ.ಆರ್.ನಗರದಿಂದ ಹೆಚ್.ಡಿ.ಕೋಟೆವರೆಗೆ ಕಂಡಕಂಡವರ ಮದುವೆ ವಿಡಿಯೋ ಹಾಕಿಸಿಕೊಂಡು ನೋಡಿದೆ. ಎಲ್ಲದರಲ್ಲೂ ನಮ್ಮ ಸದ್ದು ಅಳಿಸಿ ಸಿನಿಮಾ ಹಾಡು ಅಂಟಿಸಿದ್ದಾರೆ. ನೀವು ಕೆನ್ನೆ ಉಬ್ಬಿಸಿಕೊಂಡು ಊದುತ್ತಿದ್ದೀರಿ, ಕೇಳುವುದು ಮಾತ್ರ ಇನ್ಯಾರದೋ ಹಾಡು. ಮೈಯೆಲ್ಲ ಉರಿದುಹೋಯಿತು. ಬ್ಯಾಂಡಿನವರೆಲ್ಲ ಚದುರಿಹೋಗಿದ್ದಾರೆ. ಇನ್ನು ಆ ಟ್ಯೂನ್ ಉಳಿದಿದ್ದು ನನ್ನ ತಲೆಯಲ್ಲಿ, ಚಾಚಿಯ ಕಿವಿಯಲ್ಲಿ. ನಾನು ತಪ್ಪಾಗಿ ಕೂರಿಸಿದರೆ ಆ ತಪ್ಪೇ ನಿಮ್ಮದು ಅಂತ ಉಳಿದುಬಿಡುತ್ತಲ್ಲ...

ಪಿರಿಯಾಪಟ್ಟಣದ ಆ ಮದುವೆ ನೆನಪಿದೆಯಾ? ಹನ್ನೆರಡು ಜನ ಬರಬೇಕಾದ ಕಡೆ ನಾಲ್ಕೇ ಜನ ಬಂದಿದ್ದೆವು. ಬೀಗರ ಮುಖ ನೋಡಿ ನನಗೆ ಓಡಿಹೋಗೋಣ ಅನ್ನಿಸಿತ್ತು. ನೀವು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ನಾಕ್ ಜನ ಇದ್ದೀವಲ್ಲ, ಇನ್ನೆಷ್ಟು ಬೇಕ್ಲಾ? ಒಂದೇ ಕೆಲ್ಸನ ಇಬ್ರು ಮಾಡ್ಬ್ಯಾಡಿ, ಅಷ್ಟೇಯ" ಅಂದಿರಿ. ಅವತ್ತು ಒಬ್ಬರಿಗೂ ಕೊರತೆ ಕಾಣಲಿಲ್ಲ. ಈ ಡಬ್ಬವೂ ಹಾಗೆಯೇ ಚಾಚಾ. ಒಟ್ಟಿಗೆ ನಾಲ್ಕು ದನಿಗಿಂತ ಹೆಚ್ಚು ಹೊರಡಿಸಲಾರದು. ಒಂದನ್ನು ನಿಮ್ಮ ಕ್ಲಾರಿಯೊನೆಟ್ಟಿಗೆ, ಒಂದನ್ನು ಟ್ರಂಪೆಟ್ಟಿಗೆ, ಒಂದನ್ನು ಮಂದ್ರಕ್ಕೆ ಕೊಟ್ಟು, ಬರೀ ಚರಚರ ಅನ್ನುವ ಕೊನೆಯದನ್ನು ನನ್ನ ಡ್ರಮ್ಮಿಗೆ ಇಟ್ಟುಕೊಂಡೆ.

ಎಡವಿದ್ದು ಅದಾದ ಮೇಲೆ. ಆನೆ ಹಾರಿದಾಗ ಒಂದು ಸದ್ದು ಬರಬೇಕು, ಐದನೇ ದನಿ ಇಲ್ಲ. ಹಾಗಾಗಿ ಕ್ಲಾರಿಯೊನೆಟ್ಟಿನ ದನಿಯನ್ನೇ ಅರೆಗಳಿಗೆ ಕಸಿದುಕೊಂಡೆ. ಹಾರಾಟ ಮುಗಿದ ಮೇಲೆ ಅದು ಬಿಟ್ಟ ಜಾಗದಿಂದಲೇ ಶುರುಮಾಡುತ್ತಿತ್ತು. ಅಷ್ಟರಲ್ಲಿ ಉಳಿದ ಮೂವರು ಮುಂದೆ ಹೋಗಿರುತ್ತಿದ್ದರು. ನಾಲ್ಕು ಸಲ ಹಾರಿದರೆ ಸಾಕು, ಟ್ಯೂನ್ ಚಿಂದಿ. ಮೂರು ವಾರ ತಲೆ ಕೆರೆದುಕೊಂಡೆ.

ಒಂದು ದಿನ ಬಜಾರಿನಲ್ಲಿ ಟೀ ಕುಡಿಯುವಾಗ ನೆನಪಾಯಿತು. ಸಾವಾದ ಮನೆ ಮುಂದೆ ಮೆರವಣಿಗೆ ಹೋಗುವಾಗ ನೀವು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದಿರಿ. ಊದುತ್ತಿರಲಿಲ್ಲ, ಆದರೆ ನಿಮ್ಮ ಬೆರಳು ಕ್ಲಾರಿಯೊನೆಟ್ಟಿನ ಮೇಲೆ ಓಡುತ್ತಲೇ ಇರುತ್ತಿತ್ತು. ಒಂದು ಸಲ ಆ ಮನೆ ದಾಟಿದ ಮೇಲೆ ನಾನೊಬ್ಬ ದಡ್ಡ ನಿಲ್ಲಿಸಿದಲ್ಲಿಂದ ಬಾರಿಸಿದ್ದೆ. "ನಾವು ನಿಂತ್ರೆ ಟ್ಯೂನ್ ನಿಂತ್ಕತದೇನ್ಲಾ? ಅದು ಓಯ್ತಾ ಇರ್ತದೆ. ನಾವೋಗಿ ಸೇರ್ಕಬೇಕು ಕಣೋ" ಅಂತ ನಡುಬೀದಿಯಲ್ಲಿ ಬೈದಿರಿ. ಟೀ ಅರ್ಧಕ್ಕೇ ಬಿಟ್ಟು ಅಂಗಡಿಗೆ ಬಂದೆ. ಸದ್ದು ಕಸಿದರೂ ಒಳಗೆ ಟ್ಯೂನಿನ ಎಣಿಕೆ ನಿಲ್ಲದ ಹಾಗೆ ಬರೆದೆ. ಆನೆ ಎಷ್ಟೇ ಹಾರಲಿ, ಕ್ಲಾರಿಯೊನೆಟ್ ಸರಿಯಾದ ಜಾಗಕ್ಕೆ ಬಂದು ಸೇರಿತು. ಯಾವ ಪುಸ್ತಕ ಓದಿ ಕಲಿತಿರಿ ಇದನ್ನೆಲ್ಲ? ಬದುಕಿದ್ದಾಗ ನಿಮ್ಮನ್ನು ಒಂದು ಸಲವೂ ಹೊಗಳಲಿಲ್ಲ ನಾನು.

ಕಳೆದ ಶುಕ್ರವಾರ ಡಬ್ಬ ಹೊತ್ತುಕೊಂಡು ಚಾಚಿಯ ಹತ್ತಿರ ಹೋದೆ. ಟಿವಿಗೆ ಸಿಕ್ಕಿಸಿದೆ. ಅವರು ಆನೆಯನ್ನು ನೋಡಲೇ ಇಲ್ಲ, ಕಣ್ಣು ಮುಚ್ಚಿ ಕೇಳಿದರು.

"ಚೆಂದಾಗದೆ ಮಗ," ಅಂದರು. "ಆದ್ರೆ ಇದು ಅವ್ರಲ್ಲ."

"ಸ್ವರ ತಪ್ಪೈತಾ ಚಾಚಿ?"

"ಸ್ವರ ಎಲ್ಲ ಸರ್ಯಾಗದೆ. ಉಸ್ರೇ ತಕ್ಕಳಲ್ವಲ್ಲಪ್ಪ ಇದು."

ಇನ್ನೊಂದು ಸಲ ಹಾಕಿಸಿದರು. ಮೂರನೇ ಸಾಲಿನ ನಡುವೆ ನನ್ನ ಕೈ ತಟ್ಟಿ, "ಇಲ್ಲಿ" ಅಂದರು. ಅಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದೆ. ಆ ಜಾಗದ ಸ್ವರವನ್ನು ಚೂರು ಮೊಟಕು ಮಾಡಿ ಕಣ್ಣು ಮಿಟುಕಿಸುವಷ್ಟು ಮೌನ ಇಟ್ಟೆ. ಮತ್ತೆ ಹಾಕಿದೆ. ಮೂರನೇ ಸಾಲು ಬಂತು, ಕ್ಲಾರಿಯೊನೆಟ್ ಚೂರು ನಿಂತಿತು. ಚಾಚಿಯೂ ಅದರ ಜೊತೆಗೇ ಉಸಿರು ಎಳೆದುಕೊಂಡರು.

ಆಮೇಲೆ ಸೆರಗು ತಲೆ ಮೇಲೆ ಸರಿಮಾಡಿಕೊಂಡು, "ಹ್ಞೂ, ಬಂದ್ರು" ಅಂದರು.

ನಿಮ್ಮ
ಮಂಜ