ಮೊಣಕೈಯ ಗುರುತು

ಲೈಪ್‌ಜಿಗ್, ಭಾನುವಾರ

ಅಪ್ಪಾ,

ನಮ್ಮ ಜರ್ಮನ್ ತರಗತಿಯವರು ಪ್ರತಿ ಶನಿವಾರ ಕೋಟೆ ನೋಡಲು ಹೋಗುತ್ತಾರೆ. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಅದಕ್ಕೇ ನಾನು ಅವರ ಜೊತೆ ಹೋಗದೆ, ನೀವು ಇಲ್ಲಿ ಕಾರ್ಖಾನೆಯಲ್ಲಿದ್ದಾಗಿನ ಮೇಸ್ತ್ರಿ ಲೋಥಾರ್ ಅವರನ್ನು ಹುಡುಕುತ್ತ, ಅವರದೊಂದು ತೋಟವಿದೆ ಎಂದು ನೀವು ಹೇಳಿದ್ದ ಊರಂಚಿನ ತೋಟಗಳನ್ನು ಸುತ್ತಿದೆ. ನಿನ್ನೆ ಒಂದು ಬೇಲಿಯಾಚೆಯಿಂದ ಮುದುಕರೊಬ್ಬರು, "ಬಿಸಿಲಲ್ಲಿ ಯಾಕಮ್ಮ ಒಣಗ್ತೀಯ? ಬಾ" ಎಂದು ಕರೆದು ಕಾಫಿ ಕೊಟ್ಟರು. ನಮ್ಮ ಮಂಗೋಲಿಯಾದ ಪದ್ಧತಿಯಂತೆ ಬಲಮೊಣಕೈಗೆ ಎಡಗೈ ಆನಿಸಿ ಬಟ್ಟಲು ತೆಗೆದುಕೊಂಡೆ. ಅವರು ನನ್ನ ಕೈಯನ್ನೇ ನೋಡಿದರು.

"ನಮ್ಮ ಕಾರ್ಖಾನೇಲಿ ಹೀಗೆ ತಗೊಳ್ತಿದ್ದೋನು ಒಬ್ಬನೇ. ನೀನು ಪುರೆವ್ ಮಗಳಾ?"

ಅವರೇ ಲೋಥಾರ್! ಅವರ ತೋಟದಲ್ಲಿ ನೀವು ನೆಟ್ಟ ಚೆರ್ರಿ ಗಿಡ ಈಗ ತೋಟದ ಮನೆಯ ಸೂರಿಗಿಂತ ಎತ್ತರವಾಗಿದೆ. "ಇಷ್ಟು ವರ್ಷ ಹಣ್ಣೆಲ್ಲ ಹಕ್ಕಿಗಳೇ ತಿಂದ್ವು. ನಾಚಿಕೆ ಇದ್ರೆ ಮುಂದಿನ ಬೇಸಿಗೆಗಾದ್ರೂ ಬರ್ಲಿ" ಎಂದು ನಿಮ್ಮನ್ನು ಬೈದರು.

ಬೇಗ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಳ್ಳಿ. ಅವರಿಗೆ ಈಗ ಏಣಿ ಹತ್ತಲು ಆಗುವುದಿಲ್ಲ.

ನಿಮ್ಮ ಮಗಳು,
ಸೋಲೊಂಗೊ