ಇಂದುವಿನ ಕಾಲೇಜು ಗೊತ್ತಾಯಿತು

ರಾಜಾನುಕುಂಟೆ
೧೫ ಜೂನ್ ೨೦೨೫

ಪ್ರೀತಿಯ ಮಗ ಸತೀಶನಿಗೆ,

ನೀನೂ ಸೊಸೆ ಧನಲಕ್ಷ್ಮಿಯೂ ಹೇಗಿದ್ದೀರಿ? ಮಸ್ಕತ್ತಿನ ಬಿಸಿಲಿಗೆ ನಿನಗೆ ಮತ್ತೆ ತಲೆನೋವಂತೆ. ಟೀ ಬಿಟ್ಟು ಮಜ್ಜಿಗೆ ಕುಡಿ. ನನ್ನ ಮಂಡಿ ಸದ್ಯಕ್ಕೆ ಹೇಳಿದ ಮಾತು ಕೇಳುತ್ತಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಮಗಳು ಕೈರೋಪ್ರಾಕ್ಟಿಕ್ ಓದಬೇಕು, ಬೆನ್ನು, ಕುತ್ತಿಗೆಯ ನೋವನ್ನು ಕೈಯಿಂದಲೇ ಸರಿಮಾಡುವುದನ್ನು ಕಲಿಯಬೇಕು ಎಂದು ಹಟ ಹಿಡಿದಾಗ, "ಏನಾದ್ರೂ ಓದ್ಲಿ, ಅಜ್ಜೀನ ಒಬ್ಳನ್ನೇ ಬಿಟ್ಟು ದೂರ ಹೋಗೋದ್ ಬೇಡ" ಎಂದಿದ್ದೆಯಲ್ಲ. ಪಾಪ, ಆ ಮಾತಿಗೆ ಕಟ್ಟುಬಿದ್ದು ನಮ್ಮ ಇಂದು ಹೆಬ್ಬಾಳದಲ್ಲೇ ಅದನ್ನು ಕಲಿಸುವ ಒಂದು ಜಾಗ ಹುಡುಕಿದಳು. ನನ್ನನ್ನೂ ಕರೆದುಕೊಂಡು ಹೋದಳು. ಗಾಜಿನ ಬಾಗಿಲು, ಎಸಿ ರೂಮು, ಮೂಲೆಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ. ಅಲ್ಲಿನ ನರೇಂದ್ರ ಎಂಬಾತ, "ಆರೇ ತಿಂಗ್ಳು ಮೇಡಂ, ಆಮೇಲೆ ಬೋರ್ಡ್ ಹಾಕ್ಕೋಬಹುದು" ಎಂದ. "ಕುತ್ತಿಗೆ ತಿರುಗಿಸ್ವಾಗ ಎಚ್ಚುಕಮ್ಮಿ ಆದ್ರೆ ಏನಪ್ಪಾ ಗತಿ?" ಎಂದು ನಾನು ಕೇಳಿದೆ. "ಪಾಸಿಟಿವ್ ಆಗಿ ಯೋಚ್ನೆ ಮಾಡಿ ಅಜ್ಜಿ" ಎಂದು ನಕ್ಕು ಕಾಫಿ ತರಿಸಿದ. ಕಾಫಿ ಮಾತ್ರ ಚೆನ್ನಾಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ, ಯಲಹಂಕ ದಾಟುವಷ್ಟರಲ್ಲಿ ನಾನೇ ಹುಡುಗಿಯ ಬಾಯಿ ಬಿಡಿಸಿದೆ. ಮಲೇಷ್ಯಾದ ಕಾಲೇಜೊಂದು ಸಂದರ್ಶನಕ್ಕೆ ಕರೆದಿತ್ತಂತೆ, ಪೂರ್ತಿ ಡಿಗ್ರಿಗೆ. ಇವಳು ಉತ್ತರವನ್ನೇ ಕೊಟ್ಟಿರಲಿಲ್ಲ. "ನಿನ್ನ ಬಿಟ್ಟು ಹೆಂಗೆ ಹೋಗ್ಲಿ ಅಜ್ಜಿ?" ಎಂದಳು. ನನಗೆ ಸಿಟ್ಟೇ ಬಂತು. "ನಾನೇನ್ ನಿನ್ ಕಾಲ್ತೊಡಕಾ? ಇಂಗೆಲ್ಲಾ ಆಡ್ಬೇಡ, ಇವತ್ತೇ ಅವ್ರತ್ರ ಮಾತಾಡು" ಎಂದು ಗದರಿದೆ. ಸುತ್ತ ಕೂತವರೆಲ್ಲ ತಿರುಗಿ ನೋಡಿದರು, ನೋಡಲಿ.

ಸಂದರ್ಶನದ ದಿನ ಮೊಬೈಲಿನಲ್ಲಿ ಮಲೇಷ್ಯಾದ ಟೀಚರಮ್ಮ ಕಾಣಿಸಿಕೊಂಡರು. ಅವರು ಕೇಳಿದ್ದಕ್ಕೆಲ್ಲ ಇವಳು ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ನನ್ನ ಅದೇ ಕುತ್ತಿಗೆಯ ಪ್ರಶ್ನೆಯನ್ನು ಅವಳ ಬಾಯಿಂದಲೇ ಕೇಳಿಸಿದೆ. ಯಾರ ಬೆನ್ನಿಗೆ ಕೈ ಹಾಕಬಾರದು ಎಂಬುದನ್ನೇ ಮೊದಲು ಕಲಿಸುತ್ತೇವೆ, ಅದು ತಿಳಿಯದವರನ್ನು ಪಾಸು ಮಾಡುವುದಿಲ್ಲ ಎಂದರಂತೆ ಆಕೆ. ಕಾಲೇಜು ಅಂದರೆ ಇದು ಕಣೋ! ನನಗೆ ಅಷ್ಟು ಸಾಕಾಯಿತು.

ನಿನ್ನೆ ಸೀಟು ಸಿಕ್ಕಿತು. ಸುದ್ದಿ ತಿಳಿದದ್ದೇ ಹುಡುಗಿ ನನ್ನನ್ನು ಎತ್ತಿಕೊಂಡು ನಡುಮನೆಯಲ್ಲಿ ಒಂದು ಸುತ್ತು ತಿರುಗಿಸಿದಳು. ಹೆಸರುಬೇಳೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದೆ. ನನ್ನ ಚಿಂತೆ ನಿನಗೆ ಬೇಡ. ಪಕ್ಕದ ಮನೆಯ ಮಾರಮ್ಮ ಈಗಲೇ ತನ್ನ ಚಾಪೆ, ದಿಂಬು ತಂದು ನಮ್ಮ ಮನೆಯಲ್ಲಿ ಇಟ್ಟುಬಿಟ್ಟಿದ್ದಾಳೆ.

ಇಬ್ಬರೂ ತಣ್ಣಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ಅಮ್ಮ,
ಮುನಿಗಂಗಮ್ಮ

ವಿ.ಸೂ.: ಪಾಸ್‌ಪೋರ್ಟ್ ಬಂತು. ಇಂದುವಿನದಲ್ಲ, ನನ್ನದು! ಸಂದರ್ಶನ ಮುಗಿದ ದಿನವೇ ಅರ್ಜಿ ಹಾಕಿಸಿದ್ದೆ. ಅವಳನ್ನು ಬಿಟ್ಟುಬರಲು ನಾನೇ ಹೋಗುತ್ತಿದ್ದೇನೆ. ಈ ಸಲ ರಜೆಗೆ ಊರಿಗೆ ಬರಬೇಡಿ, ನೀವಿಬ್ಬರೂ ನೇರವಾಗಿ ಮಲೇಷ್ಯಾಕ್ಕೇ ಬನ್ನಿ. ಕಿಟಕಿ ಪಕ್ಕದ ಸೀಟು ನನಗೇ ಎಂದು ಇಂದುವಿಗೆ ಹೇಳಿಯಾಗಿದೆ.