ನಡೆದು ಬಂದ ಕಲ್ಲಿನ ಮನುಷ್ಯ

ಮಿಟ್ಟಿಮಾಟಲಿಕ್,
ಮೇ ೧೮, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಹಲ್ಲುನೋವು ಇಳಿಯಿತೆ? ಇಕ್ಪಿಯಾರ್ಜುಕ್‌ನಲ್ಲಿ ನಿಮ್ಮ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೇನೂ ಕೊರತೆ ಇರಲಾರದು, ಆದರೆ ಅವಳು ಚಹಾಕ್ಕೆ ಸಕ್ಕರೆ ಹಾಕುವವಳಲ್ಲ, ಸಕ್ಕರೆಗೆ ಚಹಾ ಹಾಕುವವಳು. ಹಲ್ಲು ಹಾಗಿರುವಾಗ ಸ್ವಲ್ಪ ಹುಷಾರು. ನಾನು ಹೊಲಿದ ಸೀಲ್ ಚರ್ಮದ ಬೂಟು ಹಾಕಿಕೊಳ್ಳುತ್ತಿದ್ದೀರೋ, ಅಥವಾ ದಕ್ಷಿಣದ ಹುಡುಗರ ಮುಂದೆ ನಾಚಿಕೆ ಎಂದು ಆ ಅಂಗಡಿಯ ಬೂಟಿನಲ್ಲೇ ತಿರುಗುತ್ತಿದ್ದೀರೋ? ನನ್ನ ಮೊಣಕಾಲು ಇದ್ದ ಹಾಗೇ ಇದೆ. ಚರ್ಚಿನಲ್ಲಿ ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಉಳಿದಂತೆ ಚೆನ್ನಾಗಿದ್ದೇನೆ. ನಿಮ್ಮ ನಾಯಿಗಳು ಚೆನ್ನಾಗಿವೆ, ಬಿಳಿ ಹೆಣ್ಣುನಾಯಿ ಮಾತ್ರ ಈಚೆಗೆ ಸಮುದ್ರದ ಕಡೆ ಮುಖ ಮಾಡಿ ಮಲಗುವುದಿಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಬರೆಯುವಾಗ ಎದುರಿಗೆ ಜೋಸೆಟ್ ಕೂತಿದ್ದಾಳೆ. ಹಿಮ, ಬಿಸಿಲು, ಏರುತ್ತಿರುವ ಶಾಖ ಎಲ್ಲವನ್ನೂ ಕಣ್ಣಾರೆ ಕಂಡು ಕಲಿಯಬೇಕೆಂದು ದಕ್ಷಿಣದ ನಗರಗಳಿಂದ ನಮ್ಮ ಈ ಹಿಮದ ನಾಡಿಗೆ ಬಂದ ಮೊದಲ ತಂಡದ ಹುಡುಗಿ. ಆರು ಜನರಲ್ಲಿ ಇವಳದೇ ದೊಡ್ಡ ಗಂಟಲು. ಯಾರಿಗೆ ಪತ್ರ ಎಂದು ಕೇಳಿದಳು, ಅಪ್ಪನಿಗೆ ಎಂದೆ. ಗೋಡೆಯ ಮೇಲಿನ ನಿಮ್ಮ ಪಟ ನೋಡಿ, ಮೊನ್ನೆ ಮೊನ್ನೆ ಮೀಸೆ ಮೂಡಿದ ಮುಖ ನೋಡಿ, ನಗು ತಡೆಯಲಾರದೆ ಹೋದಳು. "ಅಯ್ಯೋ ಅಜ್ಜಿ, ಮೊಮ್ಮಗನಿಗೆ ಯಾರಾದ್ರೂ ಅಪ್ಪ ಅಂತಾರಾ?" ಹೇಳಿದೆ. ನನ್ನ ಅಪ್ಪ ಚಳಿಗಾಲದಲ್ಲಿ ತೀರಿಹೋದ, ವಸಂತದಲ್ಲಿ ನೀವು ಹುಟ್ಟಿದಿರಿ, ಅವನ ಹೆಸರು ನಿಮಗೆ ಬಂತು. ನಮ್ಮಲ್ಲಿ ಹೆಸರು ಬಂದ ಮೇಲೆ ಅಪ್ಪನೂ ಬಂದ ಹಾಗೆ. ಅಪ್ಪನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಗದರುವಂತಿಲ್ಲ, ಬೇಡ ಎನ್ನುವಂತಿಲ್ಲ. "ಹಂಗಾದ್ರೆ ಚಿಕ್ಕೋನಿದ್ದಾಗ ಅವನು ಚಾಕು ಬೇಕು ಅಂದ್ರೆ?" ಎಂದಳು. "ಕೊಡ್ತಿದ್ದೆ. ಮೊಂಡಾಗಿದ್ರೆ ಮಸೆದು ಕೊಡ್ತಿದ್ದೆ," ಎಂದೆ. ಆಮೇಲೆ ಅವಳು ನಗಲಿಲ್ಲ. ನಿಮ್ಮ ಎಡಗೈ ಹೆಬ್ಬೆರಳಿನ ಗಾಯದ ಗುರುತು ನೆನಪಾಗಿ ನಾನೂ ನಗಲಿಲ್ಲ.

ಈಗ ಈ ಮಕ್ಕಳನ್ನು ಮಂಜುಗಡ್ಡೆಯ ಮೇಲೆ ಕರೆದೊಯ್ದ ಆ ಪ್ರಯಾಣದ ಸಂಗತಿ. ಸಕಿಯಾಸಿ ಫೋನಿನಲ್ಲಿ ನಿಮಗೆ ಹೇಳಿದ್ದಾನೆ, ಗೊತ್ತು. ಆದರೆ ನನ್ನ ತಮ್ಮ ಯಾವುದನ್ನೂ ಸರಿಯಾಗಿ ಹೇಳುವವನಲ್ಲ, ನಡುವೆ ಒಂದು ಜೋಕು ತೂರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಸಕಿಯಾಸಿ ತನ್ನ ಹಿಮದ ಮೋಟಾರಿಗೆ ಎರಡು ಜಾರುಬಂಡಿ ಕಟ್ಟಿ, ಮಕ್ಕಳನ್ನೂ ಅವರ ಮೇಷ್ಟ್ರನ್ನೂ ಕೂರಿಸಿಕೊಂಡು ಮುಂದೆ ಹೋದ. ನಾನು ನಿಮ್ಮ ನಾಯಿಬಂಡಿಯಲ್ಲಿ ಹಿಂದೆ. ನಮ್ಮ ಹಳೆಯ ದಾರಿಯೇ. ಹೆಪ್ಪುಗಟ್ಟಿದ ಕೊಲ್ಲಿಯ ನಡುವೆ ಹೋಗುತ್ತ, ಎದುರು ದಿಬ್ಬದ ಮೇಲಿನ ಕಲ್ಲಿನ ಮನುಷ್ಯ ಹಿಂದಿನ ಕಪ್ಪು ಬೆಟ್ಟದ ಸೀಳಿಗೆ ನೇರವಾಗಿ ನಿಂತ ಕೂಡಲೇ ಬಲಕ್ಕೆ ತಿರುಗಬೇಕು. ಅಲ್ಲಿಂದ ಮುಂದೆ ಮಂಜುಗಡ್ಡೆ ದಪ್ಪ, ಅಡಿಯಲ್ಲಿ ಸೆಳವಿಲ್ಲ. ಅಪ್ಪ ಆ ಕಲ್ಲುಗಳನ್ನು ಒಂದರ ಮೇಲೊಂದು ನಿಲ್ಲಿಸಿದ್ದು ಇದಕ್ಕೇ. ನನಗೆ ಇದನ್ನು ಬಂಡಿಯ ಮೇಲೆ ಕೂರಿಸಿಕೊಂಡು ಕಲಿಸಿದ, ನಾನು ಹಾಗೆಯೇ ನಿಮಗೆ ಕಲಿಸಿದೆ, ಅಥವಾ ನಿಮ್ಮದನ್ನು ನಿಮಗೇ ಹಿಂದಿರುಗಿಸಿದೆ. ತಿರುಗುವ ಜಾಗ ಬಂದಾಗ ಸಕಿಯಾಸಿ ಕೈಯಲ್ಲಿನ ದಾರಿ ತೋರುವ ಯಂತ್ರ ನೋಡಿ, "ಅಕ್ಕಾ, ಇದು ಇನ್ನೂ ಮುಂದೆ ಹೋಗು ಅಂತಿದೆ," ಎಂದ. ನೀವು ಯಾವಾಗಲೂ ಹೇಳುವ ಮಾತನ್ನೇ ನಾನೂ ಹೇಳಿದೆ: "ಕಲ್ಲಿನ ಮನುಷ್ಯನ ಬ್ಯಾಟರಿ ಖಾಲಿಯಾಗಲ್ಲ." ಮಕ್ಕಳೆಲ್ಲ ಕೇಕೆ ಹಾಕಿದರು. ಬಲಕ್ಕೆ ತಿರುಗಿದೆವು.

ಸ್ವಲ್ಪ ಹೊತ್ತಿಗೆ ಮಂಜು ಕವಿಯಿತು. ಸೂರ್ಯ ಮುಳುಗದ ತಿಂಗಳಲ್ಲಿ ಮಂಜು ಕವಿದರೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ಎಲ್ಲ ಕಡೆ ಬೆಳಕು, ಯಾವುದಕ್ಕೂ ನೆರಳಿಲ್ಲ, ಕಾಲ ಕೆಳಗೆ ನೆಲವಿದೆಯೋ ಇಲ್ಲವೋ ಕಾಣುವುದಿಲ್ಲ. ಆದರೆ ನನ್ನನ್ನು ಹೆದರಿಸಿದ್ದು ಮಂಜಲ್ಲ, ಮೌನ. ಮಂಜುಗಡ್ಡೆ ಸುಮ್ಮನಿರುವ ಜಾತಿಯದಲ್ಲ. ನರಳುತ್ತದೆ, ಹಲ್ಲು ಕಡಿಯುತ್ತದೆ, ದೂರದಲ್ಲೆಲ್ಲೋ ನಿಟ್ಟುಸಿರು ಬಿಡುತ್ತದೆ. ಆ ಸದ್ದು ಕೇಳುತ್ತಲೇ ನಾನು ಬೆಳೆದದ್ದು. ಅಲ್ಲಿ ಏನೂ ಇರಲಿಲ್ಲ. ಬಿಳಿ ಹೆಣ್ಣುನಾಯಿ ನಿಂತಿತು. ಉಳಿದವೂ ನಿಂತವು. ಬೈದರೂ ಏಳದೆ ಹೊಟ್ಟೆ ಹಚ್ಚಿ ಮಲಗಿಬಿಟ್ಟವು. ಸಕಿಯಾಸಿಯನ್ನು ಕೂಗಿ ಮೋಟಾರು ಆರಿಸು ಎಂದೆ.

ಆಗ ಕೇಳಿಸಿತು. ನಮ್ಮ ಕಾಲ ಕೆಳಗಿನಿಂದ, ಠಕ್ ಠಕ್. ತಡೆದು, ಮತ್ತೆ ಠಕ್. ಜೋಸೆಟ್ ಬಂಡಿಯಿಂದಿಳಿದು ಮಂಡಿಯೂರಿ ಹಿಮಕ್ಕೆ ಕಿವಿ ಹಚ್ಚಿದಳು. "ಅಜ್ಜಿ, ಕೆಳಗಡೆ ಯಾರೋ ಬಾಗಿಲು ತಟ್ತಿದಾರೆ," ಎಂದು ನಕ್ಕಳು. ನಾನು ಹಾರೆ ತೆಗೆದುಕೊಂಡು, ಆ ತಟ್ಟುವಿಕೆಗೆ ಉತ್ತರ ಕೊಡುವವಳ ಹಾಗೆ, ಅವಳ ಪಕ್ಕದಲ್ಲೇ ಒಂದು ಸಲ ಕುಟ್ಟಿದೆ. ಹಾರೆ ಸದ್ದಿಲ್ಲದೆ ಇಳಿಯಿತು. ನನ್ನ ಮುಷ್ಟಿಯವರೆಗೂ ಇಳಿಯಿತು. ಮೇಲೆ ಹಿಮದ ಹೊದಿಕೆ, ಅದರಡಿ ಬನ್ನಕ್ ರೊಟ್ಟಿಯಷ್ಟು ದಪ್ಪದ ಕೊಳೆತ ಮಂಜುಗಡ್ಡೆ, ಅದರಡಿ ಏನೂ ಇಲ್ಲ. ರಂಧ್ರದಿಂದ ಕಪ್ಪು ನೀರು ಮೇಲೆದ್ದು ನನ್ನ ಬೂಟನ್ನು ಮುಟ್ಟಿತು. ಬಂಡಿಗಳ ಕಡೆ ತಿರುಗಿ ನೋಡಿದೆ, ಅಪ್ಪಾ. ಆರು ಮಕ್ಕಳು, ಹೆತ್ತವರು ನಮ್ಮನ್ನು ನಂಬಿ ಕಳಿಸಿದ ಮಕ್ಕಳು.

"ಯಾರೂ ನಿಲ್ಬೇಡಿ, ಮಲಗಿ," ಎಂದೆ. ಒಬ್ಬೊಬ್ಬರನ್ನೇ ಹೊಟ್ಟೆಯ ಮೇಲೆ ತೆವಳಿಸಿ ಬಂದ ಜಾಡಿನಲ್ಲೇ ಹಿಂದಕ್ಕೆ ಕಳಿಸಿದೆವು. ಹಿಂದಿನ ಜಾರುಬಂಡಿ ಹೋಯಿತು. ಸಿಡಿಯಲಿಲ್ಲ, ಒಡೆಯಲಿಲ್ಲ; ದಣಿದವರು ಹಾಸಿಗೆಗೆ ಒರಗುವ ಹಾಗೆ ಒಂದು ಕಡೆ ವಾಲಿ ಒಳಗೆ ಹೋಯಿತು. ಗುಡಾರ, ಒಲೆ, ಮಕ್ಕಳ ಅಳತೆಯ ಸಾಮಾನು ಎಲ್ಲವೂ ಹೋದವು. ಜನ ಉಳಿದರು, ನಾಯಿಗಳು ಉಳಿದವು. ಆದರೆ ಆ ತಟ್ಟುವಿಕೆ ನಿಲ್ಲಲಿಲ್ಲ. ನಾವು ತೆವಳಿದ ಕಡೆಗೆಲ್ಲ ಅಡಿಯಲ್ಲೇ ಜೊತೆಗೆ ಬಂತು, ದಡ ಮುಟ್ಟುವವರೆಗೂ ಬಂತು. ಸೆಳವಿಗೆ ಸಿಕ್ಕ ಮಂಜುಗಡ್ಡೆಯ ತುಂಡು ಇರಬಹುದು ಎಂದರು ಮೇಷ್ಟ್ರು. ಇರಬಹುದು. ನಾನಂತೂ ಮೊದಲು ಅಪ್ಪನೇ ಎಂದುಕೊಂಡೆ, ಎಚ್ಚರಿಸಲು ಬಂದಿದ್ದಾನೆ ಎಂದು. ಆಮೇಲೆ ಹೊಳೆಯಿತು, ಅಪ್ಪ ಅಡಿಯಲ್ಲಿರಲು ಹೇಗೆ ಸಾಧ್ಯ, ಅಪ್ಪ ಇಕ್ಪಿಯಾರ್ಜುಕ್‌ನಲ್ಲಿ ಬದುಕಿದ್ದಾನಲ್ಲ. ಬದುಕಿದ್ದಾನೆ ತಾನೆ? ನಾನು ನಿಜವಾಗಿ ಹೆದರಿದ್ದು ಆಗ. ಮನೆ ಸೇರಿದ ಕೂಡಲೇ ನಾನು ಫೋನು ಮಾಡಿ ಕಾಲುಚೀಲ ಸಾಲುತ್ತಿದೆಯೇ ಎಂದು ಕೇಳಿದ್ದು, ನೀವು "ಇದಕ್ಕೆ ಫೋನ್ ಮಾಡಿದ್ರಾ?" ಎಂದು ನಕ್ಕದ್ದು ನೆನಪಿದೆಯಲ್ಲ? ನನಗೆ ಬೇಕಿದ್ದದ್ದು ಆ ನಗು.

ಮಂಜು ಹರಿದ ಮೇಲೆ ದಡದಲ್ಲಿ ಕಲ್ಲಿನ ಮನುಷ್ಯನ ಹತ್ತಿರ ಹೋದೆವು. ಅವನು ತನ್ನ ಜಾಗದಲ್ಲಿರಲಿಲ್ಲ. ದಿಬ್ಬದ ನೆತ್ತಿಯಲ್ಲಿ ಅವನ ಕಾಲಿನ ಎರಡು ಗುಳಿ ಮಾತ್ರ ಇದ್ದವು, ಖಾಲಿ. ಅವನು ಇಳಿಜಾರಿನಲ್ಲಿ ಪಕ್ಕಕ್ಕೆ ಸರಿದು, ಸಮುದ್ರದ ಕಡೆ ಎಷ್ಟೋ ದೂರ ಇಳಿದು ನಿಂತಿದ್ದ. ಒಂದು ಕಲ್ಲೂ ಬಿದ್ದಿಲ್ಲ, ತಲೆ ನೆಟ್ಟಗಿದೆ, ಕೈ ನೆಟ್ಟಗಿದೆ. ಬೆನ್ನ ಹಿಂದೆ ಉದ್ದಕ್ಕೂ ಮಣ್ಣಿನ ಮೇಲೆ ಎಳೆದ ಗುರುತು. ಕಳೆದ ಬೇಸಿಗೆಯಲ್ಲಿ ಮಣ್ಣಿನೊಳಗೆ ಹೆಪ್ಪುಗಟ್ಟಿದ್ದ ನೀರು ಕರಗಿ ನೆಲವೇ ಅವನನ್ನು ಹೊತ್ತು ಜಾರಿದೆ ಎಂದು ಮೇಷ್ಟ್ರು ತಿಳಿಸಿ ಹೇಳಿದರು. ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಅವನು ನಮಗೆ ಸುಳ್ಳು ಹೇಳಿರಲಿಲ್ಲ, ಮೊದಲಿನ ಹಾಗೇ ಪ್ರಾಮಾಣಿಕವಾಗಿ ಕೈ ತೋರಿಸುತ್ತಿದ್ದ, ತಪ್ಪು ಜಾಗದಿಂದ.

ಸಕಿಯಾಸಿಗೂ ಅಲ್ಲಿ ಜೋಕು ಹುಟ್ಟಲಿಲ್ಲ. ಮಕ್ಕಳಲ್ಲಿ ಒಬ್ಬ ಅವನನ್ನು ಮತ್ತೆ ಮೇಲೆ ಹೊತ್ತು ನಿಲ್ಲಿಸೋಣವೇ ಎಂದ. "ಮೇಲಿಟ್ರೆ ಮತ್ತೆ ಇಳೀತಾನೆ, ಕಾಲಡಿ ನೆಲ ನಿಲ್ಲಬೇಕಲ್ಲ," ಎಂದ ಸಕಿಯಾಸಿ. ಜೋಸೆಟ್ ಕೇಳಿದಳು, "ಅಜ್ಜಿ, ನಾವಂತೂ ವಾಪಸ್ ಹೋಗ್ತೀವಿ. ಇನ್ನು ಇವನನ್ನ ನೋಡ್ಕೊಂಡು ಬರೋರಿಗೆ ಯಾರು ಹೇಳ್ತಾರೆ?" ಊರಿನಿಂದ ಹೊರಡುವಾಗ ಇವರೆಲ್ಲ ಮಂಜುಗಡ್ಡೆ ಎಲ್ಲೆಲ್ಲಿ ಕರಗುತ್ತಿದೆ ಎಂಬ ಬಣ್ಣದ ನಕ್ಷೆ ಹಿಡಿದು ನನಗೇ ಪಾಠ ಹೇಳಿದ್ದರು, ನಾನು ಹೂಂಗುಟ್ಟಿ ಒಳಗೊಳಗೇ ನಕ್ಕಿದ್ದೆ. ಈ ಪ್ರಶ್ನೆಗೆ ನಗಲಾಗಲಿಲ್ಲ. ಕಲಿಯಲು ಬಂದವರು ಕಲಿತಿದ್ದರು. ನಾನು ಇನ್ನೂ ಕಲಿಯಬೇಕಾಗಿತ್ತು.

ಮುಂದಿನ ವಾರ ನೀವು ಎರಡನೆಯ ತಂಡವನ್ನು ಆ ಕಡೆಯಿಂದ ಕರೆದುಕೊಂಡು ಬರುತ್ತೀರಿ. ಸಕಿಯಾಸಿ ಹಳೆಯ ದಾರಿ ಬೇಡ ಎಂದಾಗ ನೀವು, "ನಾನು ಕಟ್ಟಿದ ಕಲ್ಲು ನನಗೇ ಮೋಸ ಮಾಡುತ್ತಾ, ಚಿಕ್ಕಜ್ಜ?" ಎಂದಿರಂತೆ. ಹಾಗೆ ಹೇಳಲು ನಿಮಗೆ ಕಲಿಸಿದವಳು ನಾನೇ. ಎರಡು ಸಲ ಫೋನು ಮಾಡಿದೆ. ಆ ಕಡೆ ನಿಮ್ಮ ದನಿ ಕೇಳಿದ ಕೂಡಲೇ ಅಪ್ಪಾ ಎಂದುಬಿಡುತ್ತೇನೆ, ಅಪ್ಪಾ ಎಂದ ಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಈ ಪತ್ರವನ್ನು ನಾಳೆಯ ವಿಮಾನದಲ್ಲಿ ಹೋಗುವ ನರ್ಸಮ್ಮನ ಕೈಗೆ ಕೊಡುತ್ತೇನೆ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ, ಒಣಗಿಸಿದ ಮೀನು ಕಳಿಸಿದ್ದೇನೆ ಎಂದೂ ಹೇಳಿ. ಮಕ್ಕಳ ಮೂಗು ಬೆಳ್ಳಗಾಗದಂತೆ ನೋಡಿಕೊಳ್ಳಿ. ದೇವರು ನಿಮ್ಮ ಕಾಲಡಿ ಗಟ್ಟಿ ನೆಲ ಇಟ್ಟಿರಲಿ.

ನಿಮ್ಮ ಮಗಳು,
ಉಲಾಯುಕ್

ಮತ್ತೆ: ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕೊಲ್ಲಿಗೆ ಬಂದಾಗ ಕಲ್ಲಿನ ಮನುಷ್ಯನನ್ನು ಹುಡುಕಬೇಡ, ಅವನಿಲ್ಲ. ಅಂಥವನನ್ನು ಯಾರೂ ಕೆಡವಬಾರದೆಂದು ನನಗೆ ಗೊತ್ತು. ಅಂದೇ, ನಾನೇ ಕೆಡವಿದೆ. ತಲೆಯ ಕಲ್ಲನ್ನು ನನ್ನ ಕೈಯಾರೆ ಇಳಿಸಿದೆ, ಉಳಿದವನ್ನು ಮಕ್ಕಳು ಹೊತ್ತು ಬೇರೆ ಬೇರೆ ಕಡೆ ಇಟ್ಟರು, ಜೋಸೆಟ್ ಅಳುತ್ತಲೇ ಹೊತ್ತಳು. ದಡದ ದಾರಿಯಲ್ಲಿ ಬಾ, ದಾರಿಯಲ್ಲಿ ಎರಡು ರಾತ್ರಿಯ ನಿದ್ದೆ ಹೆಚ್ಚಾದರೂ ಅದರಲ್ಲೇ ಬಾ. ಅಕುಮಾಲಿಕ್, ನೀನು ಹುಟ್ಟಿದಂದಿನಿಂದ ಮೊದಲ ಸಲ ನಿನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದೇನೆ. ಅಪ್ಪನನ್ನು ಒಂದು ಸಲ ಮಣ್ಣು ಮಾಡಿದ್ದೇನೆ. ಮೊಮ್ಮಗನನ್ನು ಮಾಡಲಾರೆ. ಬೇಡ ಎಂದರೆ ಬೇಡ. ನಿನ್ನ ಅಜ್ಜಿ.